ಟವಲಿನ ಕೆಳಗೆ ಮುಗಿಸಿದ ಹಬ್ಬ

ಕಳೆದ ಚಳಿಗಾಲದಲ್ಲಿ, ಪಾಂಡವಪುರದಲ್ಲಿ ಮೊಮ್ಮಗಳು ಓದುವ ಶಾಲೆಯವರು ಹಬ್ಬಗಳ ದಿನ ಅಂತ ಮಾಡಿ ಅಜ್ಜ ಅಜ್ಜಿಯರನ್ನೂ ಕರೆದಿದ್ದರು. ಒಂದು ಮೂಲೆಯಲ್ಲಿ ಕಬ್ಬಿನ ಜಲ್ಲೆ ನಿಲ್ಲಿಸಿ ಎಳ್ಳುಬೆಲ್ಲ ಇಟ್ಟಿದ್ದರು. ಇನ್ನೊಂದು ಮೂಲೆಯಲ್ಲಿ ಹತ್ತಿಯ ಗಡ್ಡ ಅಂಟಿಸಿಕೊಂಡ ಪುಟ್ಟ ಹುಡುಗ ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದ. ನಾನು ಬಲ್ಲವನಂತೆ ಅಲ್ಲಿದ್ದ ತಾಯಂದಿರಿಗೆಲ್ಲ ಬೆಲ್ಲ ಹೇಗೆ ಆರಿಸಬೇಕು, ಬಿಳಿ ಬೆಲ್ಲ ಯಾಕೆ ಕೊಳ್ಳಬಾರದು ಅಂತ ಹೇಳುತ್ತಿದ್ದೆ. ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಹುಟ್ಟುಗುಣ. ಅಷ್ಟರಲ್ಲಿ ತಲೆಗೆ ದುಪಟ್ಟಾ ಹೊದ್ದ ಒಂದು ಮಗು ನನ್ನ ಮುಂದೆ ಬಂದು ಡಬ್ಬಿಯ ಮುಚ್ಚಳ ತೆಗೆಯಿತು. ತುಪ್ಪದಲ್ಲಿ ಹುರಿದ ಶಾವಿಗೆ, ಏಲಕ್ಕಿ, ಕುದಿಸಿ ಗಟ್ಟಿ ಮಾಡಿದ ಹಾಲು. ಆ ವಾಸನೆ ಮೂಗಿಗೆ ಬಡಿದದ್ದೇ ಬೆಲ್ಲದ ಮಾತು ಬಾಯಲ್ಲೇ ನಿಂತುಹೋಯಿತು.

"ತಗೊಳ್ಳಿ ತಾತಾ" ಅಂತು ಮಗು.

"ಬ್ಯಾಡ ಕಣವ್ವ. ಇವತ್ತು ನಂಗೆ ಉಪವಾಸ."

"ಸುಳ್ಳು ಮಿಸ್! ತಾತ ಬೆಳಗ್ಗೆ ಐದು ಇಡ್ಲಿ ತಿಂದವ್ರೆ" ಅಂತ ನನ್ನ ಮೊಮ್ಮಗಳು ಕೂಗಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಸುಳ್ಳು ನನ್ನದಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ನನ್ನ ಮನೆಯ ಕೊಟ್ಟಿಗೆಯಲ್ಲಿ ನಿಂತು ನನಗೆ ಹೇಳಿದ್ದು. ಅದನ್ನು ಹೇಳಬೇಕಾದರೆ ತೊಂಬತ್ತೆಂಟು ಕಳೆದು ತೊಂಬತ್ತೊಂಬತ್ತು ಹುಟ್ಟಿದ ಚಳಿಗಾಲಕ್ಕೆ ಹೋಗಬೇಕು.

ನಮ್ಮದು ಚಿನಕುರಳಿಯ ಆಚೆಗಿನ ಒಂದು ಊರು. ನಾನಾಗ ದನದ ದಳ್ಳಾಳಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ, ಬೇರೆಯವರ ಎತ್ತು ಹೊಡೆದುಕೊಂಡು ಸಂತೆಗೆ ಹೋಗುತ್ತ ಕೆಲಸ ಕಲಿತವನು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ದನದ ವ್ಯಾಪಾರ ಮಾಡುವವರಲ್ಲಿ ನನ್ನ ಗುರುತಿಲ್ಲದವರು ಕಡಿಮೆ. ನಮ್ಮ ಕಸುಬಿನ ರೀತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎತ್ತಿನ ಬೆಲೆಯನ್ನು ನಾವು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಟವಲನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಮಾರುವವನ ಕೈಯನ್ನು ಒಂದು ಸಲ, ಕೊಳ್ಳುವವನ ಕೈಯನ್ನು ಒಂದು ಸಲ. ಇವನ ಬೆರಳು ಅವನಿಗೆ ಕಾಣದು, ಅವನದು ಇವನಿಗೆ ಕಾಣದು. ನಡುವೆ ಇರುವವನಿಗೆ ಮಾತ್ರ ಎರಡೂ ಗೊತ್ತು. ಇಬ್ಬರೂ ತಾನೇ ಗೆದ್ದೆ ಅಂದುಕೊಂಡು ಮನೆಗೆ ಹೋದರೆ ಅದು ಒಳ್ಳೆಯ ವ್ಯಾಪಾರ. ಇದರಲ್ಲಿ ನನ್ನನ್ನು ಮೀರಿಸುವವರು ಇಲ್ಲ ಅಂತ ಜನ ಹೇಳುತ್ತಿದ್ದರು. ಆ ಹೆಸರಿನ ಮೇಲೆಯೇ ಊರಿನ ಕಿರಿಯ ಪ್ರಾಥಮಿಕ ಶಾಲೆಯ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಕೂರಿಸಿದ್ದರು.

ಶಾಲೆಗೆ ಇಬ್ಬರೇ ಮೇಷ್ಟರು. ಅವರಲ್ಲಿ ಒಬ್ಬರು ಫಿಲೋಮಿನಾ ಮೇಡಂ, ಶ್ರೀರಂಗಪಟ್ಟಣದ ಗಂಜಾಂ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಅವರ ಕೈಗೆ. ಆ ವರ್ಷ ರಂಜಾನ್ ತಿಂಗಳು ಚಳಿಯಲ್ಲಿ ಬಂದಿತ್ತು. ಕ್ರಿಸ್‌ಮಸ್ಸಿಗೆ ಮೊದಲೇ ಉಪವಾಸ ಶುರು, ನಡುವೆ ಸಂಕ್ರಾಂತಿ, ಸಂಕ್ರಾಂತಿ ಕಳೆದು ವಾರದೊಳಗೆ ರಂಜಾನ್ ಹಬ್ಬ. ಮೇಡಂ ಒಂದು ದಿನ ನನ್ನ ಮನೆ ಜಗಲಿಗೆ ಬಂದರು.

"ಗೌಡ್ರೇ, ಮೂರು ಹಬ್ಬ ಒಂದೇ ಸಾಲಲ್ಲಿ ಬಂದಿದೆ. ಮಕ್ಕಳಿಗೆ ಇದನ್ನ ಕಲಿಸೋಣ ಅಂತ."

"ಕಲ್ಸಿ ಮೇಡಮ್ನೋರೆ. ಅದ್ಕೇನ್ ನನ್ನ ಕೇಳೋದು?"

"ಪುಸ್ತಕದಿಂದ ಅಲ್ಲ. ಮಕ್ಕಳು ತಮ್ಮ ಹಬ್ಬದ ಬಗ್ಗೆ ಹೇಳೋ ಹಂಗಿಲ್ಲ. ಪಕ್ಕದಲ್ಲಿ ಕೂರೋ ಮಗುವಿನ ಮನೆಗೆ ಹೋಗಿ, ನೋಡ್ಕೊಂಡು, ಕೇಳ್ಕೊಂಡು ಬಂದು ಆ ಮನೆ ಹಬ್ಬದ ಬಗ್ಗೆ ಹೇಳ್ಬೇಕು. ಸಂಕ್ರಾಂತಿಗೆ ಮುಂಚಿನ ಶನಿವಾರ ಎಲ್ಲರ ಮನೆ ತಿಂಡಿ ತಂದು ಹಂಚ್ಕೊಂಡು ತಿನ್ನೋದು."

ನನಗೆ ಹಿಡಿಸಿತು. ಇನ್ನೊಬ್ಬರ ಕೊಟ್ಟಿಗೆ ನೋಡದವನಿಗೆ ತನ್ನ ಎತ್ತಿನ ಬೆಲೆ ಗೊತ್ತಾಗುವುದಿಲ್ಲ ಅಂತ ಒಂದು ಬುದ್ಧಿಮಾತನ್ನೂ ಸೇರಿಸಿ ಒಪ್ಪಿಗೆ ಕೊಟ್ಟೆ.

ಊರಿಗೆ ಒಂದೇ ಸಾಬರ ಮನೆ. ಎತ್ತಿಗೆ ಲಾಳ ಕಟ್ಟುವ ಖಾದರ್ ಸಾಬರದು, ಕೆರೆ ಏರಿಯ ಪಕ್ಕ. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲು ಸೇರಿಸಿ ಬಿಗಿದು, ಗೊರಸು ಕೆತ್ತಿ ಮೊಳೆ ಹೊಡೆಯುವುದರಲ್ಲಿ ಅವರಷ್ಟು ಹಗುರ ಕೈ ನಾನು ಕಂಡಿಲ್ಲ. ಅವರು ಕೆಲಸ ಮಾಡಿದ ಎತ್ತು ಎದ್ದ ತಕ್ಷಣ ಮೇವಿಗೆ ಬಾಯಿ ಹಾಕುತ್ತಿತ್ತು. ನನ್ನ ವ್ಯಾಪಾರ ನಿಂತಿದ್ದೇ ಅವರ ಸುತ್ತಿಗೆಯ ಮೇಲೆ ಅಂದರೂ ಸರಿ. ಅವರ ಮಗಳು ನೂರಿ ಎರಡನೇ ಕ್ಲಾಸು. ನನ್ನ ಮಗಳು ಸವಿತಾಳೂ ಎರಡನೇ ಕ್ಲಾಸು. ಇಬ್ಬರೂ ಒಂದೇ ಮಣೆಯ ಮೇಲೆ ಕೂರುವವರು. ಹಾಗಾಗಿ ನೂರಿಗೆ ನಮ್ಮ ಸಂಕ್ರಾಂತಿ ಬಂತು, ಸವಿತಾಗೆ ಅವರ ರಂಜಾನ್ ಬಂತು.

ಆ ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನೂರಿ ಸಂಜೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕೂತು ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಳು. "ಕಿಚ್ಚು ಹಾಯ್ಸೋವಾಗ ಎತ್ತಿನ ಬಾಲ ಸುಡಕಿಲ್ವಾ ಗೌಡ್ರೇ?" "ಕೊಂಬಿಗೆ ಬಣ್ಣ ಯಾಕೆ?" "ಎಳ್ಳು ಬೀರಕ್ಕೆ ಓದ್ರೆ ಅವ್ರ್ ಮನೇಲಿ ಏನ್ ಕೊಡ್ತಾರೆ?" ನಮ್ಮ ಕಡೆ ಯಾರದೇ ಮನೆಯ ಪಾತ್ರೆ ಬಂದರೂ ಬರಿದಾಗಿ ವಾಪಸು ಕಳಿಸಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಅಂತ ಹೇಳಿದ್ದೆ. ಅದನ್ನು ಅವಳು ಬಾಯಿಪಾಠ ಮಾಡಿಕೊಂಡಳು.

ಸವಿತಾ ಅವರ ಮನೆಯಿಂದ ಬಂದು ವರದಿ ಒಪ್ಪಿಸುತ್ತಿದ್ದಳು. "ಅಪ್ಪಾ, ಅವ್ರು ಕತ್ಲಲ್ಲೇ ಎದ್ದು ಉಣ್ತಾರಂತೆ. ಆಮೇಲೆ ಸಂಜೆಗಂಟ ನೀರೂ ಕುಡಿಯಕಿಲ್ವಂತೆ. ಉಗುಳು ನುಂಗ್ಬೌದಾ ಅಂತ ಕೇಳ್ದೆ, ನೂರಿ ಅವ್ವ ಬಿದ್ದು ಬಿದ್ದು ನಕ್ರು. ಒಂದ್ ತಿಂಗಳು ಅಷ್ಟೆಯ. ಚಂದ್ರ ಕಂಡ ಅಂದ್ರೆ ರೋಜಾ ಮುಗೀತು."

"ಮುಗೀದಿದ್ರೆ?"

"ಅದೆಂಗ್ ಮುಗಿಯಾಕಿಲ್ಲ? ಚಂದ್ರ ಬಂದೇ ಬತ್ತಾನಲ್ಲ."

ಕ್ರಿಸ್‌ಮಸ್ಸು ಮೊದಲು ಬಂತು. ಮೇಡಂ ಗೋಣಿದಾರಕ್ಕೆ ಬಣ್ಣದ ಕಾಗದದ ನಕ್ಷತ್ರ ಕಟ್ಟಿ, ಒಂದು ಪೆಟ್ಟಿಗೆ ತುಂಬ ಕೇಕು ತಂದಿದ್ದರು. ಅವರ ಹಬ್ಬ ಹೇಳುವ ಪಾಳಿ ನಮ್ಮ ದೊಡ್ಡಪ್ಪನ ಮಗ ಶಿವಣ್ಣನ ಹುಡುಗ ಕುಮಾರನದು. "ಯೇಸು ಸ್ವಾಮಿ ಕೊಟ್ಟಿಗೇಲಿ ಹುಟ್ಟಿದ್ರು. ಅಲ್ಲಿ ದನ ಇದ್ವು. ಎಷ್ಟ್ ಹಲ್ಲಿನವು ಅಂತ ಮಿಸ್‌ಗೆ ಗೊತ್ತಿಲ್ಲ" ಅಂದ. ಹಲ್ಲು ಎಣಿಸಿ ದನದ ವಯಸ್ಸು ಹೇಳುವ ಊರಿನ ಹುಡುಗ; ಬಾಗಿಲಲ್ಲಿ ನಿಂತಿದ್ದ ನಾನು ಹೊಟ್ಟೆ ಹಿಡಿದು ನಕ್ಕೆ. ಕುಮಾರ ಮೂರು ತುಂಡು ಕೇಕು ತಿಂದ. ಊರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ಮಾತು ಹೊರಟಿದ್ದು ಶಾವಿಗೆಯಿಂದ. ಸಂಕ್ರಾಂತಿಗೆ ಮುಂಚಿನ ಶನಿವಾರಕ್ಕೆ ನೂರಿಯ ತಾಯಿ ಎಲ್ಲ ಮಕ್ಕಳಿಗೂ ಪಾಯಸ ಮಾಡಿ ಕಳಿಸುತ್ತಾರಂತೆ ಅಂತ ಸುದ್ದಿಯಾಯಿತು. ಗುರುವಾರ ಶಿವಣ್ಣ ನನ್ನ ಜಗಲಿ ಹತ್ತಿದ. ಹಿಂದೆ ಇನ್ನಿಬ್ಬರು.

"ಏನ್ಲಾ ಚಿಕ್ಕೇಗೌಡ, ಇಸ್ಕೂಲಲ್ಲಿ ಸಾಬ್ರ ಮನೆ ಪಾಯ್ಸ ತಿನ್ನಿಸ್ತೀಯಂತೆ ನಮ್ಮೈಕ್ಳಿಗೆ?"

"ನಿನ್ ಮಗ ಕೇಕ್ ತಿನ್ನೋವಾಗ ಎಲ್ಲೋಗಿತ್ಲಾ ನಿನ್ ಮಡಿ?"

"ಅದು ಬೇಕ್ರೀದು ಕಣ್ಲಾ. ಇದು ಅವ್ರ ಒಲೆ ಮ್ಯಾಲೆ ಬೆಂದಿದ್ದು. ಮಾತ್ ಬೆಳ್ಸಬ್ಯಾಡ. ಚಿನಕುರಳಿ ಕಾನ್ವೆಂಟಿನ ವ್ಯಾನು ನಮ್ಮೂರ್ ಗಂಟ ಬತ್ತೀನಿ ಅಂತದೆ. ನಮ್ ಕಡೆ ಒಂಬತ್ ಐಕ್ಳು. ಸೋಮಾರಕ್ಕೆ ಕಳಿಸ್ಬುಡ್ತೀವಿ. ಆಮೇಲೆ ನೀನೂ ನಿನ್ ಮೇಡಮ್ಮೂ ಖಾಲಿ ಮಣೆಗೆ ಹಬ್ಬ ಕಲಿಸ್ಕಳಿ."

ಅದು ಸುಮ್ಮನೆ ಬೆದರಿಕೆಯಲ್ಲ. ಒಂಬತ್ತು ಮಕ್ಕಳು ಹೋದರೆ ಶಾಲೆಯ ಒಂದು ಮೇಷ್ಟರ ಜಾಗ ಹೋಗುತ್ತಿತ್ತು, ಫಿಲೋಮಿನಾ ಮೇಡಂ ಹೋಗುತ್ತಿದ್ದರು. ಶಿವಣ್ಣ, ಸಾಬರು, ಮೇಡಂ ಮೂವರನ್ನೂ ಕೂರಿಸಿ ಎದುರುಬದುರು ಮಾತಾಡಿಸಬಹುದಿತ್ತು. ಖಾದರ್ ಸಾಬರು ಲಾಳ ಹೊಡೆಯದ ಎತ್ತು ಶಿವಣ್ಣನ ಕೊಟ್ಟಿಗೆಯಲ್ಲೂ ಇರಲಿಲ್ಲ, ಆ ಒಂದು ಮಾತು ಆಡಿದ್ದರೂ ಸಾಕಿತ್ತು. ಆದರೆ ನನಗೆ ಗೊತ್ತಿದ್ದ ವಿದ್ಯೆ ಒಂದೇ. ಹೆಗಲ ಮೇಲಿನ ಟವಲು ಕೈಗೆ ಬಂತು.

ಶಿವಣ್ಣನಿಗೆ ಅಂದೆ: "ಒಂದು ಶಾವಿಗೆ ಎಳೆಯೂ ನಿಮ್ಮೈಕ್ಳ ಬಾಯ್ಗೆ ಓಗಕಿಲ್ಲ. ನನ್ ಮಾತು."

ಮಾರನೆಯ ದಿನ ಖಾದರ್ ಸಾಬರು ನನ್ನ ಎತ್ತುಗಳಿಗೆ ಲಾಳ ಕಟ್ಟಲು ಬಂದಿದ್ದರು. ಅವರಿಗೆ ಅಂದೆ: "ಇಸ್ಕೂಲಲ್ಲಿ ಬಿಸಿ ಪಾತ್ರೆ, ಚಿಕ್ಕೈಕ್ಳು, ಮೈಮ್ಯಾಲೆ ಸುರ್ಕಂಡಾವು. ಪಾಯ್ಸ ನಮ್ಮನೆಗೆ ಕಳ್ಸಿ ಸಾಬ್ರೇ. ಇಸ್ಕೂಲ್ ಬುಟ್ ಮ್ಯಾಲೆ ಮನೆಮನೆಗೆ ನಾನೇ ನಿಂತು ಹಂಚಿಸ್ತೀನಿ."

ಅವರು ಗೊರಸು ಕೆತ್ತುತ್ತಿದ್ದವರು ತಲೆ ಎತ್ತಿದರು. "ನೀವೇ ಹಂಚಿಸ್ತೀನಿ ಅಂದ್ ಮ್ಯಾಲೆ ಇನ್ನೇನ್ ಗೌಡ್ರೇ. ನಮ್ಮ ಮನೆಯೋಳು ಒಂದಕ್ಕೇ ಭಯ ಬಿದ್ದವ್ಳೆ. ರೋಜಾದಲ್ಲಿ ಇರೋದ್ರಿಂದ ಸಿಹಿ ನೋಡಕಾಗಾಕಿಲ್ಲ, ಬಾಯಿಗಿಡದೆ ಮಾಡ್ಬೇಕು. ಎಚ್ಚುಕಮ್ಮಿ ಆದ್ರೆ ಐಕ್ಳು ನಗ್ತಾವೆ ಅಂತ."

ಮೇಡಂಗೂ ಅದೇ ಮಾತು ಹೇಳಿದೆ, ಮನೆಮನೆಗೆ ಹಂಚಿಸ್ತೀನಿ ಅಂತ. ಅವರಿಗೆ ಸಮಾಧಾನವೇ ಆಯಿತು. ಮೂರು ಕೈ, ಒಂದು ಟವಲು.

ಶನಿವಾರ ನೂರಿ ಸಂಕ್ರಾಂತಿಯನ್ನು ನನಗಿಂತ ಚೆನ್ನಾಗಿ ಹೇಳಿದಳು. ಕಿಚ್ಚು ಹಾಯಿಸುವಾಗ ಮುಂದಿನ ಎತ್ತು ಹಾರಿದರೆ ಹಿಂದಿನದು ತಾನೇ ಹಾರುತ್ತೆ ಅಂತಲೂ ಹೇಳಿದಳು. ಸವಿತಾ ರಂಜಾನ್ ಹೇಳಿದಳು. ಉಗುಳಿನ ಪ್ರಶ್ನೆಗೆ ಮಕ್ಕಳೆಲ್ಲ ಕುಣಿದಾಡಿದವು. ಎಲ್ಲರೂ ಎಳ್ಳುಬೆಲ್ಲ ತಿಂದರು. ಮೇಡಂ ಮಧ್ಯಾಹ್ನದ ಬಸ್ಸು ಹಿಡಿದು ಹೊರಟರು.

ನಮ್ಮ ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಆ ಪಾತ್ರೆ ಇತ್ತು. ತಾಮ್ರದ್ದು, ಆ ದಿನಕ್ಕಾಗಿ ಹೊಸದಾಗಿ ಕಲಾಯಿ ಹಾಕಿಸಿದ್ದರು. ಬಾಯಿಗೆ ಬಿಳಿ ಬಟ್ಟೆ ಬಿಗಿದಿತ್ತು. ಸವಿತಾ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದಳು. ನಾನು ಪಾತ್ರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಅಕ್ಕಿ ತೊಳೆದ ನೀರು, ಮಿಕ್ಕ ಮುದ್ದೆ ಎಲ್ಲ ಬೀಳುವ ಎಮ್ಮೆಯ ಬಾನಿಗೆ ಸುರಿದೆ.

"ಅಯ್ಯೋ, ಹಾಲು ತುಪ್ಪದ್ದು! ಎಂಗ್ ಮನ್ಸ್ ಬಂತು ನಿಮ್ಗೆ?" ಅಂದಳು ಹೆಂಡತಿ.

"ಒಂಬತ್ ಐಕ್ಳ ಇಸ್ಕೂಲು ಉಳೀತು, ಸುಮ್ಕಿರು" ಅಂದೆ.

ಶಿವಣ್ಣನ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ಸುಲಭ, ಬಹಳ ವರ್ಷ ಹಾಗೇ ಮಾಡಿದೆ. ಆದರೆ ನನ್ನ ಮನೆಯ ಕಟ್ಟೆಯ ಮೇಲೆ ಶಿವಣ್ಣ ಇರಲಿಲ್ಲ. ಶ್ರೀರಂಗಪಟ್ಟಣಕ್ಕೆ ವ್ಯಾಪಾರಕ್ಕೆ ಹೋದಾಗ ಸಾಬರ ಹೋಟೆಲಿನಲ್ಲಿ ಬೆರಳು ಚೀಪಿಕೊಂಡು ಬಿರಿಯಾನಿ ತಿಂದು ಬರುತ್ತಿದ್ದವನು ನಾನು. ಆದರೂ ಊರೊಳಗೆ, ನನ್ನ ಮನೆಯೊಳಗೆ, ಆ ಪಾತ್ರೆಗೆ ಬೆರಳು ಅದ್ದಲು ನನಗೇ ಮನಸ್ಸು ಬರಲಿಲ್ಲ. ಅದು ನಿಜ. ಖಾದರ್ ಸಾಬರಿಗೆ ಮಜ್ಜಿಗೆ ಕೊಡಲು ನಮ್ಮ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು ಅನ್ನುವುದೂ ನಿಜ.

ಪಾತ್ರೆ ಬರಿದಾಗಿ ಕಳಿಸಬಾರದಲ್ಲ. ತೊಳೆಸಿ, ತುಂಬ ಎಳ್ಳುಬೆಲ್ಲ ಹಾಕಿ, ಮೇಲೆ ಎರಡು ಸಕ್ಕರೆ ಅಚ್ಚು ಇಟ್ಟು ಸವಿತಾ ಕೈಲಿ ಕೊಟ್ಟೆ. "ಐಕ್ಳೆಲ್ಲ ಚೆಂದಾಗಿತ್ತು ಅಂದ್ರು ಅಂತ ಯೋಳ್ಬುಡು. ಸಿಹಿ ಸರಿಯಾಗಿತ್ತಂತೆ ಅನ್ನು" ಅಂತ ಕಲಿಸಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಹೋದಳು. ವ್ಯಾಪಾರದಲ್ಲಿ ಮಕ್ಕಳನ್ನು ನಡುವೆ ಇಟ್ಟುಕೊಳ್ಳಬೇಡಿ ಅಂತ ಈಗ ಯಾರಿಗೆ ಬೇಕಾದರೂ ಹೇಳುತ್ತೇನೆ. ಆಗ ನನಗೆ ಹೇಳುವವರು ಇರಲಿಲ್ಲ. ಇದ್ದರೂ ನಾನು ಕೇಳುವವನಾಗಿರಲಿಲ್ಲ.

ಸಂಕ್ರಾಂತಿ ಚೆನ್ನಾಗಿ ಆಯಿತು. ಶಿವಣ್ಣ ಬೆನ್ನು ತಟ್ಟಿದ, ಮೇಡಂ ಕೈಮುಗಿದರು, ಖಾದರ್ ಸಾಬರು ಏರಿ ಮೇಲೆ ಸಿಕ್ಕಿ "ನಮ್ಮ ಮನೆಯೋಳ ಕಾಲು ನೆಲದ ಮ್ಯಾಲಿಲ್ಲ ಗೌಡ್ರೇ" ಅಂದರು. ಎಲ್ಲರೂ ಗೆದ್ದು ಮನೆಗೆ ಹೋದ ವ್ಯಾಪಾರ.

ಸುಳ್ಳು ಚೆನ್ನಾಗಿ ಫಲಿಸಿದ್ದೇ ಕೆಡುಕಾಯಿತು. ಮಕ್ಕಳು ಅಷ್ಟು ಮೆಚ್ಚಿ ತಿಂದರಲ್ಲ ಅಂತ ಆ ತಾಯಿ, ರಂಜಾನ್ ಹಬ್ಬದ ಮಾರನೆಯ ದಿನ ಇನ್ನೂ ದೊಡ್ಡ ಪಾತ್ರೆಯಲ್ಲಿ ಪಾಯಸ ಮಾಡಿ, ಯಾರನ್ನೂ ಕೇಳದೆ ನೇರವಾಗಿ ಶಾಲೆಗೇ ಕಳಿಸಿಬಿಟ್ಟರು. ಖಾದರ್ ಸಾಬರು ಅದನ್ನು ಹೊತ್ತು ತಂದು ಬಾಗಿಲೊಳಗೆ ಇಳಿಸಿ ಕೆಲಸಕ್ಕೆ ಹೋದರಂತೆ. ನಾನು ಶಾಲೆಯ ಸೂರಿನ ಒಡೆದ ಹೆಂಚು ಬದಲಿಸಿ ಕೈಯಾಡಿಸಲು ಆಳು ಕರೆದುಕೊಂಡು ಹಿಂದುಗಡೆ ಇದ್ದೆ. ಏಲಕ್ಕಿ ವಾಸನೆ ಬಂದು, ಸುತ್ತಿ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಹೊಸ ಹಸಿರು ಲಂಗ ಹಾಕಿದ್ದ ನೂರಿ ಸೌಟು ಹಿಡಿದು ಸಾಲಿನ ಮುಂದೆ ನಿಂತಿದ್ದಳು. ಯಾವ ಮಗುವೂ ತಟ್ಟೆ ಚಾಚಿರಲಿಲ್ಲ.

"ತಕ್ಕಳ್ರೋ" ಅಂದಳು ನೂರಿ. "ಓದ್ಸಲ ತಿಂದ್ರಲ್ಲ, ಅಂಗೇ ಅದೆ."

"ನಾವೆಲ್ ತಿಂದೋ?" ಅಂದ ಕುಮಾರ. "ನಮ್ಗ್ಯಾರೂ ಕೊಡ್ನೇ ಇಲ್ಲ."

"ಸುಳ್ ಯೋಳ್ಬ್ಯಾಡ ಕಣೋ. ಸವಿತಾ, ಯೋಳೇ."

ಸವಿತಾ ಎದ್ದು ನಿಂತಳು. ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ ಕೈಕಟ್ಟಿಕೊಂಡಳು. "ನಮ್ಮಪ್ಪ ಎಮ್ಮೆ ಬಾನಿಗೆ ಉಯ್ದ್ಬುಟ್ರು" ಅಂದಳು. ಆಮೇಲೆ ಅತ್ತಳು.

ನೂರಿ ಅಳಲಿಲ್ಲ. ಸೌಟನ್ನು ಪಾತ್ರೆಯೊಳಗೆ ಸದ್ದಾಗದ ಹಾಗೆ ಇಟ್ಟಳು. ಫಿಲೋಮಿನಾ ಮೇಡಂ ತಲೆ ಎತ್ತಿದಾಗ ಬಾಗಿಲಲ್ಲಿ ನಾನಿದ್ದೆ. ಅವರು ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು ನೂರಿಯ ಮುಂದೆ ಹಿಡಿದು, "ನಂಗೆ ಹಾಕಮ್ಮ. ಜಾಸ್ತಿ ಹಾಕು" ಅಂದರು. ಸವಿತಾ ಮೂಗು ಒರೆಸಿಕೊಂಡು ತಟ್ಟೆ ಹಿಡಿದಳು. ಉಳಿದ ಮಕ್ಕಳು ಪಾತ್ರೆ ನೋಡಿದವು, ಆಮೇಲೆ ತಿರುಗಿ ನನ್ನನ್ನು ನೋಡಿದವು. ಊರಿನ ಯಜಮಾನ, ಸಮಿತಿಯ ಅಧ್ಯಕ್ಷ. ಮುಂದಿನ ಎತ್ತು ಹಾರಿದರೆ ಹಿಂದಿನದು ತಾನೇ ಹಾರುತ್ತೆ. ಒಳಗೆ ಹೋಗಿ ಒಂದು ತಟ್ಟೆ ಹಿಡಿದಿದ್ದರೆ ಸಾಕಿತ್ತು, ಕುಮಾರನೂ ತಿನ್ನುತ್ತಿದ್ದ. ಶಿವಣ್ಣನ ಹತ್ತಿರ ಒಂದು ಜಗಳ ಆಗುತ್ತಿತ್ತು, ಅಷ್ಟೆ.

"ಹೆಂಚು ನೋಡ್ಬೇಕು" ಅಂದು ನಾನು ಶಾಲೆಯ ಹಿಂದಕ್ಕೆ ಹೋದೆ.

ಒಂಬತ್ತು ಮಕ್ಕಳೂ ಶಾಲೆಯಲ್ಲೇ ಉಳಿದವು. ಮೇಡಂ ಮಾತ್ರ ಜೂನ್ ಹೊತ್ತಿಗೆ ತಾವೇ ಕೇಳಿಕೊಂಡು ಬೆಳಗೊಳದ ಕಡೆ ವರ್ಗವಾಗಿ ಹೋದರು. ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು.

ಆ ಪಾಯಸದ ದಿನದಿಂದ ನಾನು ಖಾದರ್ ಸಾಬರ ಕಣ್ಣಿಗೆ ಬೀಳದೆ ತಿರುಗಿದೆ. ಬೈದರೆ ಬೈಸಿಕೊಳ್ಳುವುದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡಿದ್ದೆ. ಕೆಲಸ ಬಿಟ್ಟರೆ ನಾಗಮಂಗಲದಿಂದ ಬೇರೆಯವರನ್ನು ಕರೆಸುವ ಲೆಕ್ಕವನ್ನೂ ಹಾಕಿಟ್ಟಿದ್ದೆ. ಯುಗಾದಿ ಕಳೆದು ಮೊದಲ ಮಳೆ ಬಿದ್ದು ಉಳುಮೆಗೆ ಮುಂಚೆ ಎತ್ತಿನ ಲಾಳ ಸವೆದಿತ್ತು. ಹೇಳಿ ಕಳಿಸಿದೆ. ಬೆಳಗ್ಗೆ ಎಂಟಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಯಾವಾಗಿನಂತೆ ಬಂದರು. ಎತ್ತು ಕೆಡವಿದರು, ಗೊರಸು ಕೆತ್ತಿದರು, ಅದೇ ಹಗುರ ಕೈ. ಒಂದು ಮೊಳೆಯೂ ಸೊಟ್ಟ ಹೋಗಲಿಲ್ಲ. ನನ್ನ ಎತ್ತಿನ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲಿ ಅಂತ ನಾನು ಕಾಯುತ್ತಿದ್ದೆನೋ ಏನೋ, ಎತ್ತು ಎದ್ದ ತಕ್ಷಣ ಮೇವಿಗೆ ಬಾಯಿ ಹಾಕಿತು.

ಬಿಸಿಲು ಸುಡುತ್ತಿತ್ತು. ಸಾಬರ ಅಂಗಿ ಬೆನ್ನಿಗೆ ಅಂಟಿತ್ತು. ಕೊಟ್ಟಿಗೆಯ ಗೂಡಿನಲ್ಲಿದ್ದ ಆ ಅಲ್ಯೂಮಿನಿಯಂ ಲೋಟವನ್ನು ನಾನು ಅವತ್ತು ಮುಟ್ಟಲಿಲ್ಲ. ಒಳಗೆ ಹೋಗಿ, ನೆಂಟರು ಬಂದರೆ ಮಾತ್ರ ತೆಗೆಯುವ ಹಿತ್ತಾಳೆ ಚೊಂಬಿನ ತುಂಬ ಮಜ್ಜಿಗೆ ತುಂಬಿ, ಉಪ್ಪು, ಕೊತ್ತಂಬರಿ ಹಾಕಿಸಿ ನಾನೇ ತಂದೆ. ಈಗ ಅನ್ನಿಸುತ್ತದೆ, ಅದೂ ವ್ಯಾಪಾರವೇ. ಬೆಲೆ ಏರಿಸಿ ನೋಡುತ್ತಿದ್ದೆ.

"ಕುಡೀರಿ ಸಾಬ್ರೇ. ಬಿಸ್ಲು."

ಅವರು ಚೊಂಬನ್ನು ನೋಡಿದರು. ಅದು ಯಾವ ಚೊಂಬು ಅಂತ ಅವರಿಗೆ ಗೊತ್ತಾಯಿತು. ಸುತ್ತಿಗೆ, ಉಳಿದ ಮೊಳೆ ಎಲ್ಲ ಚೀಲಕ್ಕೆ ಹಾಕಿ, ದಾರ ಎಳೆದು ಬಿಗಿದು, ತೀರ ಮೆಲ್ಲಗೆ ಅಂದರು.

"ರೋಜಾ ಗೌಡ್ರೇ. ಉಪವಾಸ."

ಚೀಲ ಹೆಗಲಿಗೇರಿಸಿ ಹೊರಟರು. ದಿಡ್ಡಿಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಸವಿತಾಳ ತಲೆ ಸವರಿ ಹೋದರು. ಆ ಮಗು ಅವರ ಬೆನ್ನನ್ನು ನೋಡಿ, ನನ್ನನ್ನು ನೋಡಿ, ಹುಬ್ಬು ಗಂಟು ಹಾಕಿಕೊಂಡಿತು. ಆ ಚಳಿಗಾಲದಲ್ಲಿ ಕಲಿತ ಪಾಠ ಅದಕ್ಕೆ ಇನ್ನೂ ಚೆನ್ನಾಗಿ ನೆನಪಿತ್ತು.

"ಅಪ್ಪಾ, ರೋಜಾ ಮುಗ್ದೋಯ್ತಲ್ಲ. ಚಂದ್ರ ಅವತ್ತೇ ಕಂಡ್ನಲ್ಲ?"

ಚೊಂಬು ತುಂಬಿದ್ದ ಮಜ್ಜಿಗೆ ಕೈಯಲ್ಲೇ ಇತ್ತು. ನಾನು ಅಲ್ಲೇ ನಿಂತದ್ದು ಕಂಡು, ತನಗೇ ತಂದೆನೇನೋ ಅಂದುಕೊಂಡು, ಎಮ್ಮೆ ತನ್ನ ಬಾನಿಯಿಂದ ಮೂತಿ ಎತ್ತಿತು.